‘ಸಾವಧಾನ’ದ ಎರಡು ಅರ್ಥಗಳು: ಕನ್ನಡದ ವಿವಾಹ ಪ್ರಹಸನ ಪರಂಪರೆಯ ಹಿನ್ನೆಲೆಯಲ್ಲಿ ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಲವು ಮನೆತನಗಳ ಮದುವೆಗಳಲ್ಲಿ ಮಂಗಲಾಷ್ಟಕದ ಕೊನೆಗೆ ‘ಶುಭಮಂಗಲ ಸಾವಧಾನ’ ಎಂಬ ಘೋಷ ಏಳುತ್ತದೆ. ಅದನ್ನು ಕೇಳಿದೊಡನೆ ನೆರೆದವರು ವಧೂವರರ ಮೇಲೆ ಅಕ್ಕಿಕಾಳು ಹಾಕುತ್ತಾರೆ. ಮದುವೆಗೆ ಹೋಗಿಬರುವುದನ್ನೇ ‘ಅಕ್ಕಿಕಾಳು ಹಾಕಿ ಬರೋದು’ ಎನ್ನುವ ರೂಢಿ ಈ ಭಾಗದ್ದು. ಮಂತ್ರದಲ್ಲಿರುವ ‘ಸಾವಧಾನ’ಕ್ಕೆ ‘ಎಚ್ಚರದಿಂದಿರು, ಗಮನವಿಡು’ ಎಂಬ ಅರ್ಥವಿದ್ದರೆ, ಕನ್ನಡದ ಬಳಕೆಯಲ್ಲಿ ಅದೇ ಶಬ್ದ ನಿಧಾನವನ್ನೂ ತಾಳ್ಮೆಯನ್ನೂ ಸೂಚಿಸುತ್ತದೆ. ಸಮರ್ಥ ರಾಮದಾಸರು ತಮ್ಮ ಮದುವೆಯ ಮಂಟಪದಲ್ಲಿ ಈ ಶಬ್ದವನ್ನು ಎಚ್ಚರಿಕೆಯೆಂದೇ ಬಗೆದು ಎದ್ದು ಓಡಿಹೋದರೆಂಬ ಐತಿಹ್ಯವು ಮರಾಠಿ ಸೀಮೆಯಷ್ಟೇ ಈ ಕಡೆಯಲ್ಲೂ ಪ್ರಚಲಿತವಾಗಿದೆ. ಮದುವೆಯ ಮಂತ್ರವೇ ಮದುವೆಯಿಂದ ಪಾರಾಗುವ ಸೂಚನೆಯೂ ಆಗಬಹುದೆಂಬ ಈ ವ್ಯಂಗ್ಯವನ್ನು ನೆನಪಿನಲ್ಲಿಟ್ಟುಕೊಂಡರೆ, 2020ರ ಫೆಬ್ರವರಿ 21ರಂದು ಬಿಡುಗಡೆಯಾದ ಹಿಂದಿ ಹಾಸ್ಯಚಿತ್ರ ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’ನ ಶೀರ್ಷಿಕೆಯು ಉತ್ತರ ಕರ್ನಾಟಕದ ಕಿವಿಗೆ ಎರಡು ಅರ್ಥಗಳಲ್ಲಿ ಕೇಳಿಸುತ್ತದೆ. ಇನ್ನಷ್ಟು ಎಚ್ಚರ ಎಂಬುದು ಒಂದು. ಇನ್ನಷ್ಟು ತಾಳ್ಮೆ ಎಂಬುದು ಇನ್ನೊಂದು.

ಹಿತೇಶ್ ಕೇವಲ್ಯ ಬರೆದು ನಿರ್ದೇಶಿಸಿದ ಈ ಚಿತ್ರದ ವಸ್ತು ಸರಳವಾದುದು. ದಿಲ್ಲಿಯಲ್ಲಿ ಒಟ್ಟಿಗೆ ಬಾಳುತ್ತಿರುವ ಅಮನ್ ತ್ರಿಪಾಠಿ ಮತ್ತು ಕಾರ್ತಿಕ್ ಸಿಂಗ್ ಎಂಬ ಇಬ್ಬರು ತರುಣರು ಅಮನ್‌ನ ಚಿಕ್ಕಪ್ಪನ ಮಗಳ ಮದುವೆಗೆ ಹೊರಡುತ್ತಾರೆ. ದಿಬ್ಬಣದ ರೈಲಿನಲ್ಲಿ ಅವರಿಬ್ಬರ ಚುಂಬನವನ್ನು ಅಮನ್‌ನ ತಂದೆ ಶಂಕರ್ ತ್ರಿಪಾಠಿ ಕಾಣುತ್ತಾನೆ. ಕಂಡು ವಾಂತಿ ಮಾಡಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅಲಹಾಬಾದಿನ ಆ ತುಂಬುಕುಟುಂಬದ ಒಳಗೆ ನಡೆಯುವ ಬೈಗುಳ, ಬಡಿದಾಟ, ಅಳು, ಹಟ, ಶಾಸ್ತ್ರ, ಸಂಚುಗಳೇ ಚಿತ್ರದ ಮೈ. ಮಗನು ಸತ್ತನೆಂದು ಸಾರಿ, ಅಂತ್ಯಸಂಸ್ಕಾರ ಮಾಡಿಸಿ, ಅವನಿಗೆ ಹೊಸ ಜನ್ಮ ಕೊಡಿಸುವ ವಿಧಿ ಜರುಗುತ್ತದೆ. ಕುಸುಮ್ ಎಂಬ ಹುಡುಗಿಯೊಂದಿಗೆ ಅವನ ಮದುವೆ ಗೊತ್ತಾಗುತ್ತದೆ. ಆಕೆ ಒಡವೆಗಳೊಂದಿಗೆ ಪರಾರಿಯಾಗುತ್ತಾಳೆ. ಕಡೆಗೆ 2018ರ ಸೆಪ್ಟೆಂಬರ್ 6ರಂದು ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ಬಗ್ಗೆ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನೊಂದಿಗೆ ಕತೆ ಗಂಟು ಬಿಚ್ಚಿಕೊಳ್ಳುತ್ತದೆ. ಕಾರ್ತಿಕನ ಪಾತ್ರದಲ್ಲಿ ಆಯುಷ್ಮಾನ್ ಖುರಾನಾ, ಅಮನ್ ಆಗಿ ಜಿತೇಂದ್ರ ಕುಮಾರ್, ತಂದೆತಾಯಿಗಳಾಗಿ ಗಜರಾಜ್ ರಾವ್ ಮತ್ತು ನೀನಾ ಗುಪ್ತಾ ಅಭಿನಯಿಸಿದ್ದಾರೆ.

ಈ ಚಿತ್ರದ ಕುರಿತ ಚರ್ಚೆ ಬಹುಮಟ್ಟಿಗೆ ಅದರ ಧೈರ್ಯವನ್ನು ಕುರಿತದ್ದು. ಆದರೆ ಸಾಹಿತ್ಯ ಮತ್ತು ರಂಗಭೂಮಿಯ ಅಭ್ಯಾಸಿಗಳಿಗೆ ಧೈರ್ಯಕ್ಕಿಂತ ಪ್ರಕಾರದ ಪ್ರಶ್ನೆ ಮುಖ್ಯವಾಗಬೇಕು. ಸಮಲಿಂಗ ಪ್ರೇಮಿಗಳ ವಿವಾಹದಂತಹ ವಿಷಯಕ್ಕೆ ಪ್ರಹಸನದ ರೂಪವನ್ನು ಆರಿಸಿಕೊಂಡಾಗ ನಗು ಯಾರ ಮೇಲೆ ಬೀಳುತ್ತದೆ? ಮನೆಯೊಳಗಿನ ಹಿಂಸೆ ನಗೆಯಲ್ಲಿ ಕರಗಿಹೋಗುತ್ತದೆಯೋ, ಅಥವಾ ನಗೆಯಿಂದಲೇ ಹೊರಗೆ ಕಾಣಿಸಿಕೊಳ್ಳುತ್ತದೆಯೋ? ಈ ಪ್ರಶ್ನೆಗಳನ್ನು ಕೇಳಲು ಕನ್ನಡದಲ್ಲಿ, ಅದರಲ್ಲೂ ಗದಗ ಪರಿಸರದಲ್ಲಿ, ಬೇಕಾದಷ್ಟು ಸಾಮಗ್ರಿ ಇದೆ.

ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಗಣಿಸಲಾಗಿರುವ ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಯವರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ 1887ರದು. ಕನ್ಯಾವಿಕ್ರಯದ ಪಿಡುಗನ್ನು ಬಯಲಿಗೆಳೆಯಲು ಅವರು ಆರಿಸಿಕೊಂಡದ್ದು ಹಾಸ್ಯವನ್ನು, ಹಾಸ್ಯಕ್ಕೆ ಆರಿಸಿಕೊಂಡದ್ದು ಮದುವೆಯನ್ನು. ಹೀಗೆ ಆಧುನಿಕ ಕನ್ನಡ ನಾಟಕವು ಕಣ್ಣುಬಿಟ್ಟದ್ದೇ ವಿವಾಹದ ನ್ಯಾಯಾನ್ಯಾಯದ ಮೇಲೆ. ಮುಂದೆ ಕಂಪನಿ ನಾಟಕಗಳ ಕಾಲದಲ್ಲೂ ಈ ಎಳೆ ತುಂಡಾಗಲಿಲ್ಲ. ಪಿ.ಬಿ. ಧುತ್ತರಗಿಯವರ ‘ಮುದುಕನ ಮದುವೆ’ಯಂತಹ ನಾಟಕದ ಹೆಸರೇ ಅದರ ವಸ್ತುವನ್ನೂ ಧೋರಣೆಯನ್ನೂ ಹೇಳಿಬಿಡುತ್ತದೆ. ಜಾತ್ರೆಯ ಕ್ಯಾಂಪುಗಳಲ್ಲಿ ಕಂಪನಿಗಳು, ಸುಗ್ಗಿಯ ನಂತರ ಊರ ಹವ್ಯಾಸಿ ತಂಡಗಳು ಆಡಿದ ಸಾಮಾಜಿಕ ನಾಟಕಗಳಲ್ಲಿ ಬಹುಪಾಲು ಕಲಹ ಒಂದೇ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ: ಹಟಮಾರಿ ಅಪ್ಪ, ನಡುವೆ ಸಿಕ್ಕ ತಾಯಿ, ಪ್ರೀತಿಸಿದ ಮಗ, ಬೆಂಕಿ ಹಚ್ಚುವ ಸಂಬಂಧಿಕ, ಎಲ್ಲವನ್ನೂ ಕಂಡು ನಗಿಸುವ ಆಳು. ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’ನ ತ್ರಿಪಾಠಿ ಮನೆಯನ್ನು ಕಂಡ ಶಿರಹಟ್ಟಿಯ ಅಥವಾ ಮುಂಡರಗಿಯ ಹಳೆಯ ನಾಟಕಪ್ರಿಯನಿಗೆ ಅದು ಪರದೇಶವೆನಿಸಲಾರದು.

ಒಂದು ವ್ಯತ್ಯಾಸ ಮಾತ್ರ ಮೂಲಭೂತವಾದುದು. 1887ರಿಂದ ಮೊದಲ್ಗೊಂಡು ಕನ್ನಡದ ಸುಧಾರಣಾವಾದಿ ವಿವಾಹ ಪ್ರಹಸನಗಳು ನಗೆಯನ್ನು ಬಳಸಿದ್ದು ಒಂದು ಅನುಚಿತ ಮದುವೆಯನ್ನು ಮುರಿಯುವುದಕ್ಕೆ. ಮುದುಕನಿಗೆ ಎಳೆಯ ಹುಡುಗಿ ದಕ್ಕಬಾರದು, ಹಣಕ್ಕೆ ಮಗಳನ್ನು ಮಾರಬಾರದು. ಆದ್ದರಿಂದ ಅಂಥವರನ್ನು ನಗೆಪಾಟಲು ಮಾಡಬೇಕು. ಈ ಚಿತ್ರವು ಅದೇ ಆಯುಧವನ್ನು ತಿರುಗಿಸಿ ಹಿಡಿದಿದೆ. ಸಮಾಜವು ಅನುಚಿತವೆಂದು ಬಗೆದ ಜೋಡಿಯನ್ನು ಕೂಡಿಸುವುದಕ್ಕೆ ಇಲ್ಲಿ ನಗೆ ಕೆಲಸಮಾಡುತ್ತದೆ. ನಿಂತು ನೋಡಿದರೆ ಎರಡೂ ಕಡೆ ಅಪಹಾಸ್ಯಕ್ಕೆ ಗುರಿಯಾದವನು ಒಬ್ಬನೇ, ತನ್ನ ಇಚ್ಛೆಯೇ ಮನೆಯ ಧರ್ಮವೆಂದು ನಂಬಿದ ಯಜಮಾನ. ಇಗ್ಗಪ್ಪ ಹೆಗ್ಗಡೆಯ ಕಾಲದಿಂದ ಶಂಕರ್ ತ್ರಿಪಾಠಿಯ ಕಾಲಕ್ಕೆ ಬದಲಾದದ್ದು ವಿವಾಹದ ಸ್ವರೂಪ, ಯಜಮಾನಿಕೆಯ ಸ್ವರೂಪವಲ್ಲ.

ಗದುಗಿನ ವೀರನಾರಾಯಣ ದೇವಾಲಯದ ಕಂಬಕ್ಕೆ ಒರಗಿ ಕುಮಾರವ್ಯಾಸನು ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ರಚಿಸಿದನೆಂಬ ನಂಬಿಕೆ ಜನಜನಿತವಾದುದು. ಆ ಕಾವ್ಯದಲ್ಲಿ ಗಮಕಿಗಳೂ ಕೇಳುಗರೂ ಅತ್ಯಂತ ಪ್ರೀತಿಯಿಂದ ಮರಳಿ ಮರಳಿ ಹೋಗುವ ಭಾಗ ವಿರಾಟಪರ್ವ. ಮಳೆ ಕೈಕೊಟ್ಟಾಗ ಅದನ್ನು ಓದಿಸುವ ವಾಡಿಕೆಯೂ ಇದೆ. ವಿರಾಟನ ಅರಮನೆಯ ಕತೆಯನ್ನು ಕೌಟುಂಬಿಕ ಹಾಸ್ಯವಾಗಿ ಓದಿದವರು ಕಡಿಮೆ. ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಕೌರವ ಸೇನೆಯನ್ನು ತಾನೊಬ್ಬನೇ ಗೆಲ್ಲುವೆನೆಂದು ಕೊಚ್ಚಿಕೊಳ್ಳುವ ಉತ್ತರಕುಮಾರ, ಅವನಿಗೆ ಸಾರಥಿಯಾಗಿ ಹೊರಡುವ ನಾಟ್ಯಾಚಾರ್ಯ ಬೃಹನ್ನಳೆ, ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ರಾಜಕುಮಾರ, ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತರುವ ಆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಆಕೃತಿ: ಕನ್ನಡ ಕಾವ್ಯದ ನಗೆಗೆ ಇದಕ್ಕಿಂತ ದೊಡ್ಡ ಸನ್ನಿವೇಶ ಸಿಗುವುದು ಕಷ್ಟ. ಇಲ್ಲಿ ನಗು ಬೀಳುವುದು ಬೃಹನ್ನಳೆಯ ಮೇಲಲ್ಲ, ಉತ್ತರನ ಮೇಲೆ. ಗಂಡಸುತನದ ಒಣ ಜಂಬಕ್ಕೆ ಕನ್ನಡಿಗರು ಇಂದಿಗೂ ಬಳಸುವ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಈ ನಗೆಯ ದಿಕ್ಕನ್ನು ಸರಿಯಾಗಿ ಗುರುತಿಸಿದೆ.

ಇದಕ್ಕಿಂತ ಅರ್ಥಪೂರ್ಣವಾದುದು ಆನಂತರದ ಪ್ರಸಂಗ. ಮಗನೇ ಗೆದ್ದನೆಂದು ಹಿಗ್ಗುತ್ತಿರುವ ವಿರಾಟನೆದುರು ಕಂಕನ ವೇಷದ ಧರ್ಮರಾಯನು ಗೆದ್ದವಳು ಬೃಹನ್ನಳೆ ಎಂದು ಮತ್ತೆ ಮತ್ತೆ ಹೇಳುತ್ತಾನೆ. ವಿರಾಟನಿಗೆ ಅದನ್ನು ಸಹಿಸಲಾಗುವುದಿಲ್ಲ. ಕೈಯಲ್ಲಿದ್ದ ಜೂಜಿನ ದಾಳದಿಂದ ಕಂಕನ ಮುಖಕ್ಕೆ ಹೊಡೆಯುತ್ತಾನೆ. ರಕ್ತ ಸುರಿಯುತ್ತದೆ. ತನ್ನ ಮನೆಯ ಗಂಡುಮಗನ ಗಂಡಸುತನದ ಬಗ್ಗೆ ಸತ್ಯ ಕೇಳಿಸಿಕೊಳ್ಳಲಾರದ ತಂದೆ ಸತ್ಯ ಹೇಳಿದವನನ್ನು ಹೊಡೆಯುತ್ತಾನೆ ಎಂಬುದು ಈ ಪ್ರಸಂಗದ ತಿರುಳು. ಶಂಕರ್ ತ್ರಿಪಾಠಿ ಕಾರ್ತಿಕನ ಮೇಲೆ ಕೋಲೆತ್ತುವ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಹಾಸ್ಯದ ನಡುವೆ ಹಠಾತ್ತನೆ ರಕ್ತ ಕಾಣಿಸಿಕೊಳ್ಳುವ ಕ್ರಮವು ಹೊಸದಲ್ಲವೆಂಬುದು ಮನವರಿಕೆಯಾಗುತ್ತದೆ. ವಿರಾಟಪರ್ವವೂ ಮುಗಿಯುವುದು ಮದುವೆಯಲ್ಲಿ. ವಿರಾಟನು ಉತ್ತರೆಯನ್ನು ಅರ್ಜುನನಿಗೆ ಕೊಡಲು ಮುಂದಾಗುತ್ತಾನೆ, ಅರ್ಜುನನು ಅವಳನ್ನು ಸೊಸೆಯಾಗಿ ಸ್ವೀಕರಿಸುತ್ತಾನೆ.

ಹೀಗೆಂದ ಮಾತ್ರಕ್ಕೆ ‘ನಮ್ಮ ಪರಂಪರೆಯಲ್ಲಿ ಇದೆಲ್ಲ ಮೊದಲೇ ಇತ್ತು’ ಎಂಬ, ಸಂಶೋಧನ ಲೇಖನಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಸಮಾಧಾನಕ್ಕೆ ಜಾರಬೇಕಾಗಿಲ್ಲ. ಬೃಹನ್ನಳೆ ಒಂದು ವರ್ಷದ ಅವಧಿಯ ವೇಷ. ಊರ್ವಶಿಯ ಶಾಪದ ಫಲ. ವೇಷ ಕಳಚಿದಾಗ ಒಳಗಿರುವವನು ಪಾರ್ಥ. ಮದುವೆಯ ಮಾತು ಹೊರಡುವುದೂ ವೇಷ ಕಳಚಿದ ಮೇಲೆಯೇ. ಪರಂಪರೆಯು ಲಿಂಗದ ಗಡಿಗಳನ್ನು ದಾಟುವ ಆಟವನ್ನು ಸಂತೋಷದಿಂದ ಒಪ್ಪಿಕೊಂಡಿತು, ದಾಟಿದವರ ಸಂಸಾರವನ್ನಲ್ಲ.

ಈ ಸೀಮೆಯ ವೃತ್ತಿರಂಗಭೂಮಿಯ ಚರಿತ್ರೆ ಇದಕ್ಕೆ ಹೆಚ್ಚಿನ ಪುರಾವೆ ಒದಗಿಸುತ್ತದೆ. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ, ಪಂಚಾಕ್ಷರ ಗವಾಯಿಗಳ ಹೆಸರಿನ ನಾಟ್ಯಸಂಘ ಮೊದಲಾದವು ಈ ನೆಲದಲ್ಲಿ ಬೆಳೆದವು. ಸ್ತ್ರೀಪಾತ್ರವನ್ನು ಗಂಡಸರೇ ವಹಿಸುವುದು ಬಹುಕಾಲದ ರೂಢಿಯಾಗಿತ್ತು. ಮರಾಠಿಯ ಬಾಲಗಂಧರ್ವರ ಸೀರೆಯುಡುವ ಬಗೆಯನ್ನು ಗೃಹಿಣಿಯರು ಅನುಕರಿಸುತ್ತಿದ್ದರೆಂಬ ಮಾತು ಈ ಭಾಗದವರಿಗೂ ಪರಿಚಿತ. 2017ರಲ್ಲಿ ನಿಧನರಾದ ಶತಾಯುಷಿ ಏಣಗಿ ಬಾಳಪ್ಪನವರು ತಮ್ಮ ರಂಗಜೀವನದ ಮೊದಲ ಘಟ್ಟದಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಇನ್ನೊಂದು ತುದಿಯಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿಯವರ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡುಪಾತ್ರಗಳನ್ನೂ ಹೆಂಗಸರೇ ಕಟ್ಟಿದರು. ಒಬ್ಬ ಪುರುಷ ಇನ್ನೊಬ್ಬ ಪುರುಷನಿಗೆ ಪ್ರಣಯದ ಹಾಡು ಹಾಡುವುದನ್ನು, ಒಬ್ಬ ಸ್ತ್ರೀ ಇನ್ನೊಬ್ಬಳ ಕೈಹಿಡಿಯುವುದನ್ನು ಪ್ರೇಕ್ಷಕರು ರಾತ್ರಿಯಿಡೀ ಕಣ್ತುಂಬ ನೋಡಿ ಮೆಚ್ಚಿದರು. ಬಣ್ಣ ತೊಳೆದ ಬೆಳಗಿನಲ್ಲಿ ಆ ಪ್ರಶ್ನೆಯೂ ತೊಳೆದುಹೋಗುತ್ತಿತ್ತು. ಪ್ರೇಕ್ಷಕನ ಕಣ್ಣು ಒಪ್ಪಿದ್ದನ್ನು ಅವನ ಮನೆ ಒಪ್ಪಬೇಕೆಂಬ ಒತ್ತಾಯ ರಂಗಭೂಮಿಗಿರಲಿಲ್ಲ.

ಜೋಗಪ್ಪಂದಿರ ಸ್ಥಿತಿಯೂ ಇದೇ ಬಗೆಯ ಇಬ್ಬಂದಿಯದು. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಭಕ್ತಿವಲಯದಲ್ಲಿರುವ ಈ ಜಿಲ್ಲೆಯ ಊರುಗಳಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡವರಿಗೆ ಪಡಲಿಗೆಯ ಗೌರವ ಇದೆ, ಮನೆಯ ಹಕ್ಕು ಇಲ್ಲ. ದೇವಿಗೆ ಸಲ್ಲಿದ ದೇಹಕ್ಕೆ ಲೋಕದ ಮದುವೆ ನಿಷಿದ್ಧ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಬಳಿಕ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದದ್ದು ದೊಡ್ಡ ಪಲ್ಲಟವೇ ಸರಿ. ಆದರೂ ಲಿಂಗ ಅಸ್ಮಿತೆಯ ಪ್ರಶ್ನೆ ಬೇರೆ, ಲೈಂಗಿಕ ಒಲವಿನ ಪ್ರಶ್ನೆ ಬೇರೆ. ಅಮನ್ ಮತ್ತು ಕಾರ್ತಿಕರು ವೇಷ ಧರಿಸಿದವರಲ್ಲ, ದೇವಿಗೆ ಬಿಟ್ಟವರಲ್ಲ. ಅವರು ಗಂಡಸರಾಗಿಯೇ ಉಳಿದು, ಮನೆಯೊಳಗೇ ಇದ್ದು, ಮದುವೆಯನ್ನು ಕೇಳುತ್ತಾರೆ. ಪರಂಪರೆಯ ಯಾವ ಮೂಲೆಯಲ್ಲೂ ಇದಕ್ಕೆ ಸಿದ್ಧವಾದ ಗೂಡಿಲ್ಲ. ಕುಟುಂಬದ ದಿಗಿಲಿಗೆ ಕಾರಣವೂ ಇದೇ.

ಚಿತ್ರದ ಯಶಸ್ಸು ಈ ದಿಗಿಲನ್ನು ಬಿಡಿಸಿ ತೋರಿಸುವಲ್ಲಿದೆ. ಶಂಕರ್ ತ್ರಿಪಾಠಿ ಓದುಬರಹವಿಲ್ಲದ ಕಂದಾಚಾರಿಯಲ್ಲ; ಕಪ್ಪು ಹೂಕೋಸಿನ ತಳಿಯನ್ನು ರೂಪಿಸಿದ ಕೃಷಿವಿಜ್ಞಾನಿ. ಪ್ರಕೃತಿಯ ಬಣ್ಣವನ್ನೇ ಬದಲಿಸಿದವನು ಮಗನ ಒಲವನ್ನು ಮಾತ್ರ ಪ್ರಕೃತಿವಿರೋಧಿ ಎನ್ನುತ್ತಾನೆ. ಅವನ ಕೋಸಿಗೆ ಹುಳು ಬಿದ್ದು ರೈತರು ದಂಗೆಯೆದ್ದ ಉಪಕಥೆ ಮೊದಲಿಗೆ ಅಸಂಬದ್ಧವೆನಿಸಿದರೂ, 377ನೆಯ ಕಲಮಿನ ಒಡಲಲ್ಲಿದ್ದ ‘ನಿಸರ್ಗದ ಕ್ರಮಕ್ಕೆ ವಿರುದ್ಧ’ ಎಂಬ 1860ರ ವಸಾಹತುಶಾಹಿ ಪರಿಕಲ್ಪನೆಗೆ ಅದು ಅಣಕವಾಗಿ ನಿಲ್ಲುತ್ತದೆ. ನೆಲ, ಬೀಜ, ಬೆಳೆಗಳ ಭಾಷೆಯಲ್ಲಿ ಯೋಚಿಸುವ ಮುಂಡರಗಿ, ಶಿರಹಟ್ಟಿಯ ರೈತಾಪಿ ಪ್ರೇಕ್ಷಕನಿಗೆ ಈ ಅಣಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರೋಗ ಇರುವುದು ಮಕ್ಕಳಿಗಲ್ಲ, ತಂದೆಗೆ ಎಂದು ಕಾರ್ತಿಕ್ ಮದುವೆಯ ನೆರವಿಯ ನಡುವೆ ಸಾರುವಲ್ಲಿ ನಗೆಯ ದಿಕ್ಕು ಸ್ಪಷ್ಟವಾಗಿ ತಿರುಗುತ್ತದೆ. ಹೆಣ್ಣಿಗನೆಂದು ಕರೆಯಲ್ಪಟ್ಟ ಪಾತ್ರವನ್ನು ತೆರೆಯ ಮೇಲೆ ತಂದು ಎರಡು ನಿಮಿಷ ನಗಿಸಿ ಒಳಗಟ್ಟುತ್ತಿದ್ದ ಭಾರತೀಯ ಚಲನಚಿತ್ರಗಳ, ಕನ್ನಡವೂ ಸೇರಿದಂತೆ, ದೀರ್ಘ ಚಾಳಿಯನ್ನು ನೆನೆದರೆ ಇದು ಸಣ್ಣ ತಿರುವಲ್ಲ.

ಸಾವಿನ ವಿಧಿಯ ಪ್ರಸಂಗವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಬದುಕಿರುವ ಮಗನಿಗೆ ಸಂಸ್ಕಾರ ಮಾಡಿ ಮರುಹುಟ್ಟು ಕೊಡಿಸುವ ಆಚರಣೆ ತೆರೆಯ ಮೇಲೆ ನಗೆ ಹುಟ್ಟಿಸುವಂತೆ ಚಿತ್ರಿತವಾಗಿದೆ. ಮನೆತನದ ಮಾತು ಮೀರಿ ಮದುವೆಯಾದವರನ್ನು ‘ನಮ್ಮ ಪಾಲಿಗೆ ಸತ್ತರು’ ಎಂದು ಸಾರುವುದು ಈ ಕಡೆಯ ಸಂಸಾರಗಳಲ್ಲಿ ಬರಿಯ ಮಾತಿನ ಅಲಂಕಾರವಾಗಿ ಉಳಿದಿಲ್ಲ. 2019ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಗಜೇಂದ್ರಗಡ ಸಮೀಪದ ಲಕ್ಕಲಕಟ್ಟಿಯಲ್ಲಿ ಜಾತಿ ಮೀರಿ ಮದುವೆಯಾಗಿದ್ದ ದಂಪತಿಯ ಕೊಲೆ ನಡೆಯಿತು. 2025ರ ಜನವರಿಯಲ್ಲಿ ಗದಗಿನ ನ್ಯಾಯಾಲಯ ಆ ಪ್ರಕರಣದಲ್ಲಿ ನಾಲ್ವರಿಗೆ ಮರಣದಂಡನೆ ವಿಧಿಸಿತು. ಅವರು ಗಂಡು ಹೆಣ್ಣಾಗಿದ್ದರು, ಕಾನೂನು ಅವರ ಪರವಾಗಿತ್ತು. ಹಾಗಿದ್ದೂ ಮನೆ ಅವರನ್ನು ಬದುಕಗೊಡಲಿಲ್ಲ. ಇಂಥ ನೆಲದಲ್ಲಿ ಕುಳಿತು ತ್ರಿಪಾಠಿಯ ಕೋಲನ್ನು ಕಂಡು ನಗುವುದು ಹೇಗೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು.

ಈ ಆಕ್ಷೇಪಕ್ಕೆ ಚಿತ್ರದ ಬಳಿ ಅರ್ಧ ಉತ್ತರ ಮಾತ್ರ ಇದೆ. ತ್ರಿಪಾಠಿಗಳದು ಮೇಲುಜಾತಿಯ, ಮಧ್ಯಮವರ್ಗದ ಮನೆ. ಹೊಡೆತ ಬೀಳುತ್ತದೆ, ಕೊಲೆಯ ನೆರಳು ಬೀಳುವುದಿಲ್ಲ. ತೆರೆಯ ಮೇಲೆ ಕಾರ್ತಿಕನ ಮನೆಯವರಿಗೆ ಸ್ಥಾನವೇ ಇಲ್ಲ. ಅವನ ಜಾತಿ, ಅವನ ಊರು ಕಲಹಕ್ಕೆ ವಸ್ತುವಾಗುವುದಿಲ್ಲ. ಒಂದೇ ಕಲಹವನ್ನು ನಿರ್ವಹಿಸಲು ಉಳಿದೆಲ್ಲ ಕಲಹಗಳನ್ನು ಬದಿಗೆ ಸರಿಸುವುದು ಪ್ರಹಸನದ ಹಳೆಯ ಉಪಾಯ. ಅದನ್ನು ಅರಿತೂ, ಜಾತಿಯಿಲ್ಲದ ಮದುವೆಯ ಜಗಳವೊಂದು ಭಾರತದಲ್ಲಿ ಇದೆಯೆಂದು ನಂಬಿಸುವ ಚಿತ್ರದ ಸಲೀಸುತನ ಕಿರಿಕಿರಿ ಉಂಟುಮಾಡುತ್ತದೆ. ಇಬ್ಬರು ತರುಣರ ನಡುವಣ ಒಲವು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದಕ್ಕೂ ಚಿತ್ರ ಸಮಯ ಕೊಡುವುದಿಲ್ಲ. ಪ್ರೇಮಿಗಳಿಗಿಂತ ತಂದೆಯೇ ಪೂರ್ಣ ಪಾತ್ರವಾಗಿ ಬೆಳೆದಿರುವುದು ಗಜರಾಜ್ ರಾವ್ ಅವರ ಅಭಿನಯದ ಹೆಚ್ಚಳವೂ ಹೌದು, ಬರವಣಿಗೆಯ ಕೊರತೆಯೂ ಹೌದು.

2022ರ ಫೆಬ್ರವರಿ 11ರಂದು ತೆರೆಕಂಡ ಹರ್ಷವರ್ಧನ ಕುಲಕರ್ಣಿ ನಿರ್ದೇಶನದ ‘ಬಧಾಯಿ ದೋ’ ಈ ಕೊರತೆಗಳನ್ನು ಗಮನಿಸಿದಂತೆ ರೂಪುಗೊಂಡಿದೆ. ಡೆಹರಾಡೂನಿನ ಪೊಲೀಸ್ ಅಧಿಕಾರಿ ಶಾರ್ದೂಲ್ ಮತ್ತು ದೈಹಿಕ ಶಿಕ್ಷಕಿ ಸುಮಿ, ಇಬ್ಬರೂ ಸಮಲಿಂಗ ಪ್ರೇಮಿಗಳು, ಮನೆಯವರ ಕಾಟ ತಪ್ಪಿಸಿಕೊಳ್ಳಲು ಪರಸ್ಪರ ಮದುವೆಯಾಗುತ್ತಾರೆ. ಮಂಟಪ, ಸಪ್ತಪದಿ, ಆರತಕ್ಷತೆ ಯಾವುದರಲ್ಲೂ ಲೋಪವಿಲ್ಲ. ಒಳಗೆ ಮಾತ್ರ ಮದುವೆಯೇ ಇಲ್ಲ. ಅಬ್ಬರದ ಸಂಭಾಷಣೆಯ ಬದಲು ಮನೆಗಳ ಸಣ್ಣ ಸಣ್ಣ ಮೌನಗಳಿಂದ ಈ ಚಿತ್ರ ನಗೆಯನ್ನೂ ನೋವನ್ನೂ ಹೊರಡಿಸುತ್ತದೆ. ಶಾರ್ದೂಲನ ತಾಯಿಯಾಗಿ ಶೀಬಾ ಚಡ್ಢಾ ನೀಡಿದ ಅಭಿನಯಕ್ಕೆ ಫಿಲಂಫೇರ್ ಪ್ರಶಸ್ತಿ ಸಂದಿತು. ಏನೂ ತಿಳಿಯದಂತೆ ತೋರುವ ಆ ತಾಯಿ ಗುಟ್ಟು ಬಯಲಾದಾಗ ಮಗನನ್ನು ಮಾತಿಲ್ಲದೆ ಹತ್ತಿರಕ್ಕೆ ಕರೆದುಕೊಳ್ಳುವ ಘಳಿಗೆಯು ತ್ರಿಪಾಠಿಯ ಎಲ್ಲ ಭಾಷಣಗಳಿಗಿಂತ ದೂರ ಹೋಗುತ್ತದೆ. ಮಗುವನ್ನು ದತ್ತು ಪಡೆಯಲು ಸುಳ್ಳು ಮದುವೆಯನ್ನೇ ಉಳಿಸಿಕೊಳ್ಳಬೇಕಾದ ಇಕ್ಕಟ್ಟು ಕಾನೂನಿನ ಕೊರತೆಯನ್ನು ಯಾವ ವಾದವೂ ಇಲ್ಲದೆ ಹೇಳುತ್ತದೆ. 1993ರಲ್ಲಿ ಆಂಗ್ ಲೀ ನಿರ್ದೇಶಿಸಿದ, ಬರ್ಲಿನ್ ಚಿತ್ರೋತ್ಸವದ ಸ್ವರ್ಣಕರಡಿಯನ್ನು ಹಂಚಿಕೊಂಡ ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’ನ ನೆರಳು ಇಲ್ಲಿ ಕಾಣುತ್ತದೆ. ತೈವಾನಿನ ತಂದೆತಾಯಿಗಳಿಗಾಗಿ ನ್ಯೂಯಾರ್ಕಿನಲ್ಲಿ ನಡೆಯುವ ಸುಳ್ಳು ಮದುವೆ ಆ ಚಿತ್ರದ್ದು. ತನಗೆ ಎಲ್ಲ ತಿಳಿದಿದೆಯೆಂಬುದನ್ನು ಹೆಂಡತಿಗೂ ಮಗನಿಗೂ ಹೇಳದೆ ಬಚ್ಚಿಡುವ ಅದರ ತಂದೆಯಂಥ ಪಾತ್ರವನ್ನು ಭಾರತೀಯ ಹಾಸ್ಯಚಿತ್ರಗಳು ಇನ್ನೂ ಸೃಷ್ಟಿಸಬೇಕಾಗಿದೆ.

2019ರ ‘ಏಕ್ ಲಡಕೀ ಕೋ ದೇಖಾ ತೋ ಐಸಾ ಲಗಾ’ ಚಿತ್ರವನ್ನು ರಂಗಭೂಮಿಯ ಅಭ್ಯಾಸಿಗಳು ಕಡೆಗಣಿಸುವಂತಿಲ್ಲ. ಪಂಜಾಬಿನ ಮೋಗಾ ಪಟ್ಟಣದ ಹುಡುಗಿಯೊಬ್ಬಳು ಮನೆಯಲ್ಲಿ ಹೇಳಲಾರದ್ದನ್ನು ಅದೇ ಊರಿನ ವೇದಿಕೆಯ ಮೇಲೆ ನಾಟಕವಾಗಿ ಆಡಿ ತೋರಿಸುತ್ತಾಳೆ. ಸಭಿಕರಲ್ಲಿ ಹಲವರು ಎದ್ದುಹೋಗುತ್ತಾರೆ. ಚಿತ್ರವಾಗಿ ಅದು ಸಪ್ಪೆಯೇ. ಆದರೆ ಊರ ನಾಟಕಕ್ಕೆ ಅದು ಹೊರಿಸಿರುವ ಹೊಣೆ ಕಂಪನಿಗಳ ನಾಡಿನವರನ್ನು ಚುಚ್ಚುವಂಥದ್ದು.

ಕನ್ನಡದ ಸೃಜನಶೀಲತೆ ಈ ವಸ್ತುವಿನತ್ತ ಬೇರೆಯೇ ದಾರಿಯಿಂದ ಬಂದಿದೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕಾರ್ತಿಕ್ ಎಂಬ ಹೆಸರಿನ ಪ್ರಿಯಕರನಿದ್ದಾನೆಂಬುದು ಕಾಕತಾಳೀಯ. 2020ರ ಹಿಂದಿಯ ಕಾರ್ತಿಕ್ ಸಂಗಾತಿಗಾಗಿ ಪೆಟ್ಟು ತಿಂದು ನಿಲ್ಲುತ್ತಾನೆ, ವಸುಧೇಂದ್ರರ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಿ ಹೊರಟುಹೋಗುತ್ತಾನೆ. ಎರಡರ ನಡುವೆ ಇರುವುದು ಏಳು ವರ್ಷಗಳ ಅಂತರವಷ್ಟೇ ಅಲ್ಲ. ‘ಮೋಹನಸ್ವಾಮಿ’ ಪ್ರಕಟವಾದ 2013ರ ಡಿಸೆಂಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ದಿಲ್ಲಿ ಉಚ್ಚ ನ್ಯಾಯಾಲಯದ 2009ರ ತೀರ್ಪನ್ನು ತಳ್ಳಿಹಾಕಿ 377ನೆಯ ಕಲಮನ್ನು ಮರಳಿ ಊರ್ಜಿತಗೊಳಿಸಿತ್ತು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ 2014ರ ಸಾಲಿನ ರಾಷ್ಟ್ರಪ್ರಶಸ್ತಿ ದೊರಕಿತು. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಗಂಭೀರ ಕೃತಿ. ಕನ್ನಡದ ಈ ಮುಖ್ಯ ಕೃತಿಗಳೆರಡೂ ನೋವಿನ ಸಾಕ್ಷ್ಯವಾಗಿ ರೂಪುಗೊಂಡವು. ಪ್ರಹಸನವನ್ನು ಆಡುವಷ್ಟು ನೆಲೆ ಆಗ ಕಾಲೂರಿ ನಿಲ್ಲಲು ಇರಲಿಲ್ಲ. 1887ರಲ್ಲಿ ಮದುವೆಯನ್ನು ನಗೆಯಿಂದ ಪ್ರಶ್ನಿಸಿದ ಭಾಷೆಯು ಈ ಮದುವೆಯ ವಿಷಯದಲ್ಲಿ ನಗೆಯನ್ನು ಇನ್ನೂ ತಡೆಹಿಡಿದಿರುವುದು ರಂಗ ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ.

ಚಿತ್ರದ ಅಂತ್ಯವನ್ನು ಈಗಿನ ತಿಳಿವಳಿಕೆಯಲ್ಲಿ ಮರಳಿ ನೋಡಬೇಕಾಗಿದೆ. 2018ರ ತೀರ್ಪು ಕಂಪನಿ ನಾಟಕದ ಕಡೆಯ ಅಂಕದಲ್ಲಿ ಬರುವ ದೈವಕೃಪೆಯಂತೆ ಬಂದು ಎಲ್ಲರನ್ನೂ ಪಾರುಮಾಡುತ್ತದೆ. ಆದರೆ ಆ ತೀರ್ಪು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತೇ ಹೊರತು ಮದುವೆಯ ಮಾತನ್ನು ಆಡಲಿಲ್ಲ. ‘ಶುಭ್ ಮಂಗಲ್’ ಎಂಬ ಶೀರ್ಷಿಕೆ ಮಾಡಿದ ವಾಗ್ದಾನವನ್ನು ಚಿತ್ರ ಜಾಣತನದಿಂದ ತೇಲಿಸಿಬಿಡುತ್ತದೆ. 1954ರ ವಿಶೇಷ ವಿವಾಹ ಕಾಯಿದೆಯಡಿ ಸಮಲಿಂಗ ಜೋಡಿಗಳಿಗೂ ಅವಕಾಶ ಬೇಕೆಂಬ ಅರ್ಜಿಗಳ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠ 2023ರ ಅಕ್ಟೋಬರ್ 17ರಂದು ತೀರ್ಪಿತ್ತಿತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾಯಿದೆಯನ್ನು ಬದಲಿಸುವುದು ಶಾಸಕಾಂಗದ ಕೆಲಸ ಎಂಬಲ್ಲಿ ಐವರೂ ಒಮ್ಮತದಲ್ಲಿದ್ದರು. ಕೂಡುಬಾಳಿಗೆ ಕಾನೂನಿನ ಮನ್ನಣೆ ಮತ್ತು ದತ್ತಕದ ವಿಷಯದಲ್ಲಿ ಮೂವರ ಅಭಿಪ್ರಾಯ ಇಬ್ಬರ ಅಭಿಪ್ರಾಯವನ್ನು ಮೀರಿತು. ಪುನರ್‌ಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು. ‘ಬಧಾಯಿ ದೋ’ದ ದತ್ತಕದ ಇಕ್ಕಟ್ಟು ಚಿತ್ರಕಥೆಯ ಕಟ್ಟುವಿಕೆಯಾಗಿ ಉಳಿಯದೆ ನ್ಯಾಯಾಲಯದ ಬಹುಮತದ ಅಭಿಪ್ರಾಯದಲ್ಲಿ ಮುಂದುವರಿದಂತಾಯಿತು.

ಮನೆ ಒಪ್ಪದವರಿಗೆ ಕಾನೂನು ತೆರೆದಿಟ್ಟ ಈ ವಿಶೇಷ ವಿವಾಹ ಕಾಯಿದೆಯ ಬಾಗಿಲಾದರೂ ಎಷ್ಟು ಅಗಲದ್ದು ಎಂಬುದನ್ನು ತಾಲೂಕು ಕೇಂದ್ರಗಳ ಜನ ಬಲ್ಲರು. ವಿವಾಹಾಧಿಕಾರಿಯು ಮೂವತ್ತು ದಿನಗಳ ನೋಟೀಸನ್ನು ಕಚೇರಿಯಲ್ಲಿ ಎದ್ದುಕಾಣುವಂತೆ ಅಂಟಿಸಬೇಕು, ಯಾರು ಬೇಕಾದರೂ ಆಕ್ಷೇಪಿಸಬಹುದು. ಬೆಂಗಳೂರಿನಲ್ಲಿ ಆ ಹಾಳೆ ಗೋಡೆಯ ಮೇಲಿನ ಇನ್ನೊಂದು ಹಾಳೆ. ಲಕ್ಷ್ಮೇಶ್ವರದಲ್ಲಿಯೋ ಮುಂಡರಗಿಯಲ್ಲಿಯೋ ಅದೇ ಹಾಳೆ ಸಂಜೆಯ ಬಸ್ಸಿನಲ್ಲಿ ಊರು ತಲುಪುತ್ತದೆ. ಕಾನೂನು ನಾಳೆ ಬದಲಾದರೂ ಅಮನ್ ಮತ್ತು ಕಾರ್ತಿಕರಂಥವರು ಹಾಯಬೇಕಾದ ಮೊದಲ ಕಟ್ಟೆ ಆ ಮೂವತ್ತು ದಿನಗಳು. ಅಷ್ಟೂ ದಿನ ಅವರು ಇರಬೇಕಾದದ್ದು ಯಾರ ಮನೆಯಲ್ಲಿ ಎಂಬ ಪ್ರಶ್ನೆಯನ್ನು ಚಿತ್ರ ತನ್ನದೇ ರೀತಿಯಲ್ಲಿ ಮುಟ್ಟಿದೆ; ಅದರ ನಿಜವಾದ ಬಲ ಇರುವುದು ತೀರ್ಪಿನ ದೃಶ್ಯದಲ್ಲಲ್ಲ, ತೀರ್ಪಿನ ಅಂಚಿನಲ್ಲಿ ತಂದೆ ಆಡುವ ಮಾತಿನಲ್ಲಿ. ಇದೆಲ್ಲ ತನಗೆ ಎಂದು ಅರ್ಥವಾದೀತೋ ತಿಳಿಯದು, ಅರ್ಥವಾಗದಿರಲೂಬಹುದು. ಆದರೆ ತನ್ನ ತಿಳಿಯದಿರುವಿಕೆಗಾಗಿ ಮಕ್ಕಳು ತಮ್ಮ ಬದುಕನ್ನು ನಿಲ್ಲಿಸಬೇಕಾಗಿಲ್ಲ ಎಂಬುದು ಆ ಮಾತಿನ ಭಾವ. ವಿರಾಟನಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು, ಏಕೆಂದರೆ ಬೃಹನ್ನಳೆ ಅರ್ಜುನನಾಗಿ ಎದುರು ನಿಂತಳು. ಒಪ್ಪಿಕೊಳ್ಳಲು ಅವನು ತನ್ನ ಒಂದು ನಂಬಿಕೆಯನ್ನೂ ಬಿಡಬೇಕಾಗಲಿಲ್ಲ. ಶಂಕರ್ ತ್ರಿಪಾಠಿಯ ಎದುರಿಗಿರುವ ಮಗ ಯಾವ ವೇಷವನ್ನೂ ಕಳಚುವುದಿಲ್ಲ. ರೈಲು ಹೊರಡುತ್ತದೆ, ಅವನು ನಿಲ್ದಾಣದಲ್ಲಿ ಉಳಿಯುತ್ತಾನೆ.